ಅತ್ತೆಯ ಕಾಲಡಿಯ ಪಸೆ

ನಮ್ಮ ಅತ್ತೆ ಕಾರು ಹತ್ತುವ ಮೊದಲು ಚಪ್ಪಲಿ ಬಿಡುತ್ತಾರೆ. ಬಿಟ್ಟ ಚಪ್ಪಲಿಯನ್ನು ಬಗ್ಗಿ ಎತ್ತಿ, ಒಂದಕ್ಕೊಂದು ತಾಗಿಸಿ ಮಣ್ಣು ಕೊಡವಿ, ಜವಳಿ ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಗಿಲಿನ ಪಾಕೀಟಿನಲ್ಲಿ ಸಿಕ್ಕಿಸುತ್ತಾರೆ. ಆಯುಧಪೂಜೆಗೆ ಹೂವಿಟ್ಟು ಕುಂಕುಮ ಹಚ್ಚಿದ ಗಾಡಿಯೊಳಗೆ ಚಪ್ಪಲಿ ಮೆಟ್ಟಿಕೊಂಡು ಕೂರುವುದು ಹೇಗೆ ಎಂಬುದು ಅವರ ಪ್ರಶ್ನೆ. ನಾನು ಚಪ್ಪಲಿ ಹಾಕಿಕೊಂಡೇ ಓಡಿಸುವುದನ್ನು ಮಾತ್ರ ಹೇಗೋ ಸಹಿಸಿಕೊಂಡಿದ್ದಾರೆ. ಓಡಿಸುವವರಿಗೆ ರಿಯಾಯಿತಿ ಇದೆ ಅಂತ ಕಾಣುತ್ತದೆ.

ಮೊದಮೊದಲು ನನಗೆ ಇದು ತಮಾಷೆಯಾಗಿತ್ತು. ಈಗ ಇಲ್ಲ. ಎಂಬತ್ತರ ಹತ್ತಿರದ ಆ ಬರಿಗಾಲು ಕಾರಿನ ಬಗ್ಗೆ ಹೇಳಿದ್ದನ್ನು, ನಮ್ಮ ಮೆಕ್ಯಾನಿಕ್‌ಗೆ ಫೋನಿನಲ್ಲಿ ಕೇಳಿ ಹೇಳಲು ಆಗಲಿಲ್ಲ.

ಕಾರಿಗೆ ಹನ್ನೆರಡು ವರ್ಷ. ಬೆಳ್ಳಿ ಬಣ್ಣದ್ದು, ಹಿಂದೆ ಡಿಕ್ಕಿ ಇರುವ ಉದ್ದನೆಯ ಗಾಡಿ. ಬೈಂದೂರಿನಲ್ಲಿ ನಮ್ಮವರ ಊಟದ ಹೋಟೆಲು ಒಂದು ಹದಕ್ಕೆ ಬಂದ ಮೇಲೆ, ಅಷ್ಟು ವರ್ಷ ಬೈಕಿನಲ್ಲಿ ತಿರುಗಿದ್ದು ಸಾಕು ಎಂದು ತಂದದ್ದು. ಆದರೆ ತರಕಾರಿ, ಅಕ್ಕಿ ಮೂಟೆಗೆಂದು ಆಮೇಲೆ ಒಂದು ಸಣ್ಣ ವ್ಯಾನು ಬಂತು. ಅವರು ವ್ಯಾನಿಗೇ ಒಗ್ಗಿಹೋದರು. ಕಾರು ಕುಂದಾಪುರದ ಮನೆಯಂಗಳದಲ್ಲಿ ಉಳಿಯಿತು. ನಲವತ್ಮೂರನೇ ವಯಸ್ಸಿನಲ್ಲಿ ನಾನು ಅದರ ಮೇಲೆ ಕೈ ಕೂರಿಸಿಕೊಂಡೆ. ಕಲಿಯುವಾಗ ಬೆನ್ನಿಗೆ ಒಂದು ತಲೆದಿಂಬು ಬೇಕಾಗುತ್ತಿತ್ತು. ತಲೆದಿಂಬು ಈಗಲೂ ಇದೆ, ಕವರು ಮಾತ್ರ ಮೂರು ಸಲ ಬದಲಾಗಿದೆ.

ಗುರುವಾರ ಗುರುವಾರ ನಾನು ಅತ್ತೆಯನ್ನು ಬಾರ್ಕೂರಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಅವರ ಅಕ್ಕ ಮಲಗಿದಲ್ಲೇ ಇದ್ದಾರೆ. ಅಕ್ಕತಂಗಿಯರು ಹೆಚ್ಚು ಮಾತಾಡುವುದೇನೂ ಇಲ್ಲ. ಒಬ್ಬರ ಕೈ ಇನ್ನೊಬ್ಬರು ಹಿಡಿದುಕೊಂಡು, ಯಾರ ಬಳೆ ಸಡಿಲವಾಗಿದೆ, ಯಾರ ಉಗುರು ಉದ್ದವಾಗಿದೆ ಎಂದು ನೋಡಿಕೊಳ್ಳುತ್ತಾರೆ. ಬಸ್ಸಿನಲ್ಲಿ ಹೋಗುವುದಾದರೆ ಬ್ರಹ್ಮಾವರದಲ್ಲಿ ಇಳಿದು ಇನ್ನೊಂದು ಹತ್ತಬೇಕು. ನಮ್ಮ ಕಡೆಯ ಬಸ್ಸಿನ ಮೆಟ್ಟಿಲು ಅತ್ತೆಯ ಮೊಣಕಾಲಿಗೆ ಎಟುಕುವುದಿಲ್ಲ. ಆಟೋದಲ್ಲಿ ಅಷ್ಟು ದೂರ ಹೋದರೆ ಸೊಂಟ ಎರಡು ದಿನ ಮಾತು ಕೇಳುವುದಿಲ್ಲ.

ಹಳೆಯ ಕಾರಿಗೆ ಕಾಯಿಲೆ ಬರುವುದು ಹೊಸತಲ್ಲ. ಕಡಲ ಗಾಳಿ ಇಲ್ಲಿ ಯಾವ ಕಬ್ಬಿಣವನ್ನೂ ಬಿಡುವುದಿಲ್ಲ. ಬಾಗಿಲ ಚಿಲಕ, ಬಟ್ಟೆ ಒಣಗಿಸುವ ತಂತಿ, ಹೊಲಿಗೆ ಡಬ್ಬಿಯ ಸೂಜಿ ಎಲ್ಲವನ್ನೂ ತಿನ್ನುತ್ತದೆ. ಕಾರಿನ ಮುಂದೆ ಇರುವ ಎಸಿಯ ಜಾಲರಿ ಏಳನೇ ವರ್ಷಕ್ಕೇ ತೂತಾಯಿತು. ಗ್ಯಾಸು ತುಂಬಿಸಿ ಒಟ್ಟು ಒಂಬತ್ತು ಸಾವಿರ. ಕ್ಲಚ್ಚು ಒತ್ತುವಾಗ ಎಡಗಾಲಿನ ಮೀನಖಂಡ ಹಿಡಿದುಕೊಳ್ಳಲು ಶುರುವಾದ ವರ್ಷ ಅದನ್ನೂ ಬದಲಿಸಿದೆವು, ಹನ್ನೊಂದು ಸಾವಿರ. ಸೈಲೆನ್ಸರಿಗೆ ವೆಲ್ಡಿಂಗ್ ಎರಡು ಸಲ. ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಹೂ ಅರಳುತ್ತಿತ್ತು. ಬಿಸಿನೀರು ಹೊಯ್ದು ಹಳೆ ಟೂತ್‌ಬ್ರಶ್ಶಿನಲ್ಲಿ ತಿಕ್ಕಿ ವ್ಯಾಸಲೀನ್ ಹಚ್ಚುವುದನ್ನು ನಾನೇ ಕಲಿತೆ. ಹೆದ್ದಾರಿಯ ಹಂಪುಗಳ ಮೇಲೆ ಮುಂದಿನ ಬಲಚಕ್ರದಿಂದ 'ಟೊಕ್ಕ್' ಎಂದು ಸದ್ದು ಬಂದರೆ ಅದು ರಬ್ಬರಿನ ಬುಶ್ಶು, 'ಕಿರ್ರ್' ಎಂದರೆ ಬ್ರೇಕ್ ಪ್ಯಾಡು. ಹದಿನೈದು ವರ್ಷ ಪಕ್ಕದ ಮನೆಯಲ್ಲಿ ಇದ್ದವರ ಕೆಮ್ಮು ಗೊತ್ತಾಗುವಂತೆ ಗೊತ್ತಾಗುತ್ತದೆ.

ಇಷ್ಟೆಲ್ಲ ಆದರೂ ಗಾಡಿ ನಡುದಾರಿಯಲ್ಲಿ ನಿಂತದ್ದಿಲ್ಲ. ನಿಂತದ್ದು ಕಳೆದ ಏಪ್ರಿಲಿನ ಒಂದು ಸೋಮವಾರ ಮಧ್ಯಾಹ್ನ.

ಅವತ್ತು ವ್ಯಾನು ಟೈರಿನ ಕೆಲಸಕ್ಕೆ ಹೋಗಿತ್ತು. ನಮ್ಮವರು ಕಾರು ತೆಗೆದುಕೊಂಡು ಬೈಂದೂರಿಗೆ ಹೋಗಿದ್ದರು. ವಾಪಸು ಬರುವಾಗ ಹೆಮ್ಮಾಡಿಯ ಹತ್ತಿರ ಇಂಜಿನ್ ಬಿಸಿಯ ಮುಳ್ಳು ಕೆಂಪಿಗೆ ಏರಿತಂತೆ. ಅಂಗಡಿಯೊಂದರ ನೆರಳಿಗೆ ನಿಲ್ಲಿಸಿ, ಅರ್ಧ ಗಂಟೆ ತಣಿಸಿ, ನೀರು ಹೊಯ್ದು ಹೇಗೋ ಮನೆಗೆ ತಂದರು. ಬಂದವರೇ ಬ್ರಹ್ಮಾವರದ ನಮ್ಮ ಮೆಕ್ಯಾನಿಕ್‌ಗೆ ಫೋನು ಮಾಡಿದರು. ಅವರು ಐವತ್ತು ದಾಟಿದ, ಕೆಲವು ವರ್ಷ ಗಲ್ಫಿನಲ್ಲಿ ದುಡಿದು ಬಂದ ಮನುಷ್ಯ. ನೀರು ಖಾಲಿಯಾಗುತ್ತದೆ, ಆದರೆ ಅಡಿಯಲ್ಲಿ ಒಂದು ಹನಿಯೂ ಬೀಳುವುದಿಲ್ಲ ಎಂದು ಇವರು ಹೇಳಿದರು. ಹಾಗಾದರೆ ನೀರನ್ನು ಇಂಜಿನ್ನೇ ಕುಡಿಯುತ್ತಿರಬೇಕು, ಇಂಜಿನ್ನಿನೊಳಗಿನ ಹೆಡ್ ಗ್ಯಾಸ್ಕೆಟ್ ಎಂಬ ಪಟ್ಟಿ ಹೋಗಿರಬೇಕು, ಬಿಚ್ಚಿದರೆ ನಲವತ್ತು ಐವತ್ತು ಸಾವಿರದ ಕೆಲಸ, ಯಾವುದಕ್ಕೂ ಒಮ್ಮೆ ತಂದು ತೋರಿಸಿ ಎಂದು ಅವರು ಹೇಳಿದರಂತೆ.

ಕೊನೆಯ ಮಾತು ನಮ್ಮವರಿಗೆ ಕೇಳಿಸಲಿಲ್ಲ. ಐವತ್ತು ಸಾವಿರ ಎನ್ನುವಲ್ಲಿಗೆ ಅವರ ತೀರ್ಮಾನ ಮುಗಿದಿತ್ತು. ಸಾಲಿಗ್ರಾಮದಲ್ಲಿ ಹಳೆ ಗಾಡಿ ವ್ಯಾಪಾರ ಮಾಡುವ ಪರಿಚಯದವರೊಬ್ಬರಿಗೆ ಆಗಲೇ ಫೋನು ಹೋಯಿತು. ಇದ್ದ ಸ್ಥಿತಿಯಲ್ಲಿ ತೊಂಬತ್ತು ಸಾವಿರ ಕೊಡಬಹುದು, ಭಾನುವಾರ ಬಂದು ನೋಡುತ್ತೇನೆ ಎಂದರು ಅವರು. ನಮ್ಮವರ ಲೆಕ್ಕ ಸರಳ: ಕಾರೂ ವ್ಯಾನೂ ಎರಡೂ ಕೊಟ್ಟು, ಹಿಂದೆ ಸಾಮಾನು ಹಾಕಲಿಕ್ಕೂ ಆಗುವ, ಎತ್ತರದ ಒಂದು ಹೊಸ ಗಾಡಿ.

ಹೊಸ ಗಾಡಿ ಬೇಡ ಎನ್ನುವಷ್ಟು ಹಳಬಳಲ್ಲ ನಾನು. ಆದರೆ ಆ ಗಾಡಿ ಬೆಳಿಗ್ಗೆ ಆರಕ್ಕೆ ಅಕ್ಕಿ ತರಕಾರಿ ಹೇರಿಕೊಂಡು ಬೈಂದೂರಿಗೆ ಹೋದರೆ ಕತ್ತಲಾದ ಮೇಲೇ ಮನೆ ಸೇರುತ್ತದೆ. ಗುರುವಾರ ನಮ್ಮ ಅಂಗಳದಲ್ಲಿ ಏನಿರುತ್ತದೆ ಎಂದು ಕೇಳಿದೆ. ಆಟೋ ಮಾಡಿಕೊಳ್ಳಿ, ದುಡ್ಡು ಕೊಡುತ್ತೇನೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅತ್ತೆ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದವರು ತಲೆ ಎತ್ತಲಿಲ್ಲ. ಸಿಪ್ಪೆ ತೆಗೆದ ಬೀಜವನ್ನೇ ಮತ್ತೆ ಕತ್ತಿಗೆ ಹಿಡಿದದ್ದನ್ನು ನಾನು ಕಂಡೆ.

ಮಂಗಳವಾರ ಕುಂಭಾಶಿಗೆ ಹೋಗಿ ಬರುವುದಿತ್ತು, ಹತ್ತಿರವೇ. ನೀರು ತುಂಬಿಸಿಕೊಂಡು ನಿಧಾನಕ್ಕೆ ಹೊರಟೆ. ಆನೆಗುಡ್ಡೆಯ ತಿರುವು ಬರುವಾಗ ನನ್ನ ಪಕ್ಕದ ಸೀಟಿನಲ್ಲಿ ಅತ್ತೆ ಕಾಲು ಮೇಲೆತ್ತಿ ಕೂತರು.

"ಹೆಣೆ, ಇಲ್ ಅಡಿಯಂಗೆ ಚಂಡಿ ಇತ್ತಲೆ. ನೀನ್ ಒರೆಸಿದ್ಯಾ?"

ಹೆಣೆ ಎಂದರೆ ಹೆಣ್ಣೇ, ಚಂಡಿ ಎಂದರೆ ಒದ್ದೆ. ನಾನು ಒರೆಸಿರಲಿಲ್ಲ. ದೇವಸ್ಥಾನದ ಹತ್ತಿರ ನಿಲ್ಲಿಸಿ ರಬ್ಬರ್ ಮ್ಯಾಟು ಎತ್ತಿ ಅದರಡಿಯ ಬಟ್ಟೆಗೆ ಕೈಯಿಟ್ಟೆ. ಬೆರಳು ಅಂಟಿತು. ಮನೆಗೆ ಬಂದು ಹೇಳಿದರೆ ನಮ್ಮವರು ಪೇಪರಿನಿಂದ ಕಣ್ಣು ತೆಗೆಯದೆ, "ಎಸಿ ನೀರ್ ಅದ್. ಪೈಪ್ ಕಟ್ಟಿರ್ಕ್," ಎಂದರು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ವಿಜ್ಞಾನ ಕಲಿಸಿದ ಸಿಸ್ಟರು ಮೆತ್ತಗೆ ಮಾತಾಡುವವರು, ಆದರೆ ರೆಕಾರ್ಡ್ ಪುಸ್ತಕದ ವಿಷಯದಲ್ಲಿ ಮಾತ್ರ ಕಲ್ಲು. ಪುಟದ ಎಡಕ್ಕೆ ಕಂಡದ್ದು, ಬಲಕ್ಕೆ ಅದರಿಂದ ತಿಳಿದದ್ದು. ಎಡಗಡೆ ತುಂಬದೆ ಬಲಗಡೆ ಒಂದು ಅಕ್ಷರ ಬರೆದರೂ ಪುಟ ಹರಿಯುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಹಾಲು ಯಾಕೆ ಒಡೆಯಿತು, ಉಪ್ಪಿನಕಾಯಿಗೆ ಯಾಕೆ ಬೂಸಲು ಬಂತು ಎನ್ನುವುದಕ್ಕೆಲ್ಲ ನನ್ನ ತಲೆ ಹಾಗೆಯೇ ಓಡುವುದು. ಎಸಿ ನೀರು ಎನ್ನುವುದು ಬಲಗಡೆಯ ಮಾತು. ಎಡಗಡೆ ಏನಿದೆ?

ಎಸಿಯ ನೀರು ಬರಿಯ ನೀರು, ಒಣಗಿದರೆ ಅಂಟುವುದಿಲ್ಲ. ಇದು ಅಂಟುತ್ತದೆ. ಇನ್ನೊಂದು: ಎರಡು ತಿಂಗಳಿಂದ ಮುಂದಿನ ಗಾಜಿನ ಒಳಬದಿಯಲ್ಲಿ ಒಂದು ಮಬ್ಬು ಕೂರುತ್ತಿತ್ತು. ಬಟ್ಟೆಯಿಂದ ಒರೆಸಿದರೆ ಹೋಗುವ ಬದಲು ಬಳಿದ ಹಾಗೆ ಆಗುತ್ತಿತ್ತು, ಹಪ್ಪಳ ಕರಿದ ದಿನ ಕನ್ನಡಕದ ಮೇಲೆ ಆಗುವ ಹಾಗೆ. ಅದು ಮಲ್ಲಿಗೆಯೋ ಎಣ್ಣೆಯೋ ಎಂದು ಅತ್ತೆಯ ತಲೆಯ ಮೇಲೆ ಹಾಕಿ ಸುಮ್ಮನಿದ್ದೆ. ಮೂರನೆಯದು ವಾಸನೆ. ಗಾಡಿ ಶುರು ಮಾಡಿದ ಕೂಡಲೆ ಒಂದು ಸಿಹಿ ವಾಸನೆ, ಬೆಲ್ಲದ ಡಬ್ಬಿ ತೊಳೆದ ನೀರಿನ ಹಾಗೆ.

ಕಾರಿನ ಜೊತೆ ಬಂದ ಪುಸ್ತಕವನ್ನು ನಾನು ಹೊಸತರಲ್ಲೇ ಮೊದಲ ಪುಟದಿಂದ ಕೊನೆಯವರೆಗೆ ಓದಿದ್ದೆ. ಮತ್ತೆ ತೆಗೆದೆ. ಅದರಲ್ಲೊಂದು ಚಿತ್ರವಿದೆ. ಇಂಜಿನ್ನಿನ ಬಿಸಿನೀರು ಎರಡು ಕೊಳವೆಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದಿರುವ ಒಂದು ಪುಟ್ಟ ಪೆಟ್ಟಿಗೆಗೆ ಬಂದು ಹೋಗುತ್ತದೆ. ಚಳಿ ಊರಿನವರಿಗೆ ಬಿಸಿಗಾಳಿ ಕೊಡುವ ಹೀಟರು ಅದು. ಆ ಪೆಟ್ಟಿಗೆ ಸೋರಿದರೆ ನೀರು ರಸ್ತೆಗೆ ಬೀಳುವುದಿಲ್ಲ, ಗಾಡಿಯೊಳಗೇ ಬೀಳುತ್ತದೆ. ಬೀಳುವುದು ಎಲ್ಲಿ ಎಂದರೆ ಅತ್ತೆ ಕಾಲಿಡುವ ಜಾಗದಲ್ಲಿ.

ಬುಧವಾರ ಒಂದು ಹಳೆ ಬಿಳಿ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಮ್ಯಾಟಿನಡಿ ಹಾಸಿದೆ. ಎಸಿ ಹಾಕದೆ, ಬೆವರು ಒರೆಸಿಕೊಳ್ಳುತ್ತ, ಸಂತೆ ಮಾರ್ಕೆಟಿಗೂ ಪೋಸ್ಟಾಫೀಸಿಗೂ ಹೋಗಿ ಬಂದೆ. ಪಂಚೆ ಒದ್ದೆಯಾಗಿತ್ತು. ಬಿಸಿಲಿಗೆ ಹಿಡಿದರೆ ತೆಳ್ಳಗೆ ಹಸಿರು. ಸರ್ವಿಸಿನ ಸಲ ಮೆಕ್ಯಾನಿಕ್ ಹಾಕುವ ಕೂಲಂಟಿನ ಬಣ್ಣ ಹಸಿರು. ಎಸಿಯಿಂದ ಹಸಿರು ನೀರು ಬರುವುದಿಲ್ಲ.

ಆಗ ನಾನು ಬಲಗಡೆ ಬರೆದೆ. ಬರೆದದ್ದು ಮನಸ್ಸಿನಲ್ಲೇ, ಆದರೆ ಪೆನ್ನಿನಲ್ಲಿ ಬರೆದಷ್ಟು ಗಟ್ಟಿಯಾಗಿ.

ಗುರುವಾರ ಬೆಳಿಗ್ಗೆ ನಮ್ಮವರು ವ್ಯಾನಿನಲ್ಲಿ ಬೈಂದೂರಿಗೆ ಹೋದ ಮೇಲೆ ಅತ್ತೆಯನ್ನು ಕೂರಿಸಿಕೊಂಡು ಬ್ರಹ್ಮಾವರಕ್ಕೆ ಹೊರಟೆ. ಬಾರ್ಕೂರಿಗೆ ಅಂತಲೇ ಹೊರಟದ್ದು, ಗ್ಯಾರೇಜು ದಾರಿಯಲ್ಲಿ. ಪಂಚೆಯ ತುಂಡು ಒಂದು ಕವರಿನಲ್ಲಿ, ನೀರಿನ ದೊಡ್ಡ ಬಾಟಲಿ ನಾಲ್ಕು ಹಿಂದಿನ ಸೀಟಿನಲ್ಲಿ. ಮುಳ್ಳಿನ ಮೇಲೆ ಒಂದು ಕಣ್ಣು. ಕೋಟದಲ್ಲಿ ನಿಲ್ಲಿಸಿ, ಇಂಜಿನ್ ತಣಿಯುವವರೆಗೆ ಅತ್ತೆಗೆ ಎಳನೀರು ಕುಡಿಸಿ, ಮುಚ್ಚಳಕ್ಕೆ ದಪ್ಪ ಬಟ್ಟೆ ಹಿಡಿದು ತೆಗೆದು ಒಂದೂವರೆ ಬಾಟಲಿ ಹೊಯ್ದೆ. ಟೋಲ್ ದಾಟಿ ಬ್ರಹ್ಮಾವರ ಮುಟ್ಟುವಾಗ ಮುಳ್ಳು ಅರ್ಧಕ್ಕಿಂತ ಒಂದು ಎಳ್ಳಿನಷ್ಟು ಮೇಲಿತ್ತು.

ಮೆಕ್ಯಾನಿಕ್ ನನ್ನನ್ನು ಕಂಡು ಯಜಮಾನರು ಬರಲಿಲ್ಲವಾ ಎಂದು ಕೇಳಿದರು. ಇಲ್ಲ ಎಂದು ಕವರು ಕೊಟ್ಟೆ. ಅವರು ಪಂಚೆಯನ್ನು ಬಿಡಿಸಿ, ಬಿಸಿಲಿಗೆ ಹಿಡಿದು, ಮೂಸಿ ನೋಡಿ, ನನ್ನ ಮುಖ ನೋಡಿದರು.

"ಅಕ್ಕ, ಮನೆಯಂಗೆ ಲ್ಯಾಬ್ ಇಟ್ಕಂಡಿದ್ರ್ಯಾ?"

ಗಾಜಿನ ಮಬ್ಬು, ವಾಸನೆ ಎಲ್ಲ ಹೇಳಿದೆ. ಹೇಳುತ್ತ ಹೋದಂತೆ ಅವರ ನಗು ಕಡಿಮೆಯಾಯಿತು. ಫೋನಿನಲ್ಲಿ ಇದೊಂದೂ ಹೇಳಲಿಲ್ಲವಲ್ಲ ಎಂದರು. ಹೇಳಿದವರು ಗಾಡಿಯ ಒಳಗೆ ಕೂರುವವರಲ್ಲ ಎಂದೆ.

ಮೊದಲು ಇಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಒಳಬದಿ ತೋರಿಸಿದರು. ಗ್ಯಾಸ್ಕೆಟ್ ಹೋಗಿದ್ದರೆ ಅಲ್ಲಿ ಹಾಲು ಬೆರೆಸಿದ ಕಾಫಿಯಂಥದ್ದು ಅಂಟಿರಬೇಕಂತೆ. ಇರಲಿಲ್ಲ. ಹೊಗೆಯೂ ಬಿಳಿ ಇರಲಿಲ್ಲ. ಆಮೇಲೆ ರೇಡಿಯೇಟರಿನ ಬಾಯಿಗೆ, ಬಿಪಿ ನೋಡುವಂಥದೇ ಮೀಟರು ಇರುವ ಒಂದು ಕೈಪಂಪು ಸಿಕ್ಕಿಸಿ ಗಾಳಿ ಒತ್ತಿದರು. ಮೀಟರಿನ ಮುಳ್ಳು ಏರಿ, ನಿಲ್ಲದೆ ಮೆಲ್ಲಗೆ ಇಳಿಯತೊಡಗಿತು. ಎಲ್ಲೋ ಸೋರುತ್ತಿದೆ. ಅವರು ಎಡಗಡೆ ಬಾಗಿಲು ತೆಗೆದು, ಟಾರ್ಚು ಹಿಡಿದು, ತಲೆ ಕೆಳಗೆ ಮಾಡಿ ಡ್ಯಾಶ್‌ಬೋರ್ಡಿನ ಅಡಿ ತೂರಿದರು. ಒಂದು ನಿಮಿಷ ಅವರ ಎರಡು ಕಾಲು ಮಾತ್ರ ಹೊರಗಿದ್ದವು. ಒಳಗಿನಿಂದ ಸ್ವರ ಬಂತು, ನೀವು ಹೇಳಿದ್ದೇ ಸರಿ ಎಂದು.

ಕುರ್ಚಿಯಲ್ಲಿ ಕೂತಿದ್ದ ಅತ್ತೆ, "ನನ್ ಕಾಲ್ ಹೇಳಿದ್ದ್," ಎಂದು ತಿದ್ದಿದರು.

ಅಲ್ಲಿಯವರೆಗೆ ನಾನು ಗೆದ್ದವಳ ಹಾಗೆ ನಿಂತಿದ್ದೆ. ಆಮೇಲಿನದನ್ನು ಬರೆಯಲು ನನಗೆ ಈಗಲೂ ಸ್ವಲ್ಪ ಸಂಕೋಚ.

ಗ್ಯಾರೇಜಿನ ನಳ್ಳಿಯಲ್ಲಿ ನೀರು ಬರುತ್ತಿರಲಿಲ್ಲ. ಕೈ ತೊಳೆಯಲು ಅವರು ನನ್ನ ಬಾಟಲಿಯನ್ನೇ ಕೇಳಿದರು. ನಾನು ಹೊಯ್ದೆ. ಅವರು ಸೋಪು ಹಚ್ಚಿ ಉಜ್ಜಿದರು. ಮತ್ತೆ ಹಚ್ಚಿ ಮತ್ತೆ ಉಜ್ಜಿದರು. ಕೈ ಮೇಲೆ ಮೊಸರು ಒಡೆದಂಥ ಬಿಳಿ ಚೂರುಗಳು ನಿಂತವು.

"ಇದ್ ಎಂತ ನೀರ್ ಅಕ್ಕ? ಸೋಪಿಗ್ ನೊರೆಯೇ ಬತ್ತಿಲ್ಲೆ."

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಹೇಳಿದರು, ಅದು ನಮ್ಮ ಬಾವಿಯದ್ದು, ಬೇಸಿಗೆಯಲ್ಲಿ ಉಪ್ಪಾಗುತ್ತದೆ ಎಂದು.

ನಮ್ಮ ಮನೆ ಹೊಳೆಯ ಬದಿಗೆ. ಮಾರ್ಚ್ ಬಂತೆಂದರೆ ಹೊಳೆಯ ಉಪ್ಪು ಬಾವಿಗೆ ಇಳಿಯುತ್ತದೆ. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಅಕ್ಕಿ ಹಳದಿಯಾಗುತ್ತದೆ, ಚಹಾ ಕುಡಿಯಲಾಗುವುದಿಲ್ಲ. ಮಳೆ ಹಿಡಿಯುವವರೆಗೆ ಅಡಿಗೆಗೆ ಪುರಸಭೆಯ ನಳ್ಳಿ ನೀರು ಹಿಡಿದಿಡುತ್ತೇವೆ. ಅದು ದಿನ ಬಿಟ್ಟು ದಿನ ಬರುವುದು, ಒಂದು ಕೊಡಪಾನವೂ ದಂಡವಾಗಬಾರದು. ಬಟ್ಟೆಗೆ, ಪಾತ್ರೆಗೆ, ಗಿಡಕ್ಕೆ ಬಾವಿ ನೀರು. ಕಾರಿಗೂ.

"ಇದನ್ನೇ ಗಾಡಿಗೂ ಹೊಯ್ತ್ರ್ಯಾ?"

"ಸೋಸಿ ಹೊಯ್ತೆ," ಎಂದೆ.

ಸುಳ್ಳಲ್ಲ. ಪ್ರತಿ ಶುಕ್ರವಾರ ಗಾಡಿ ತೊಳೆದು, ಹೂವಿಟ್ಟು, ಬಾನೆಟ್ಟು ಎತ್ತಿ ನೋಡುತ್ತಿದ್ದೆ. ನೀರಿನ ಗೆರೆ ಒಂದು ಬೆರಳು ಇಳಿದಿರುತ್ತಿತ್ತು. ಒಗೆದು ಒಣಗಿಸಿದ ಬೈರಾಸು ಬಟ್ಟೆಯಲ್ಲಿ ಎರಡು ಸಲ ಸೋಸಿ, ಒಂದು ಕಸವೂ ಇಲ್ಲದ ಹಾಗೆ, ಗೆರೆಗೆ ಸರಿಯಾಗಿ ತುಂಬಿಸುತ್ತಿದ್ದೆ. ಹೀಗೆ ಆರು ಬೇಸಿಗೆ. ಗಾಡಿಯನ್ನು ನನ್ನಷ್ಟು ಚೆನ್ನಾಗಿ ನೋಡಿಕೊಳ್ಳುವವರಿಲ್ಲ ಎಂದು ನನಗೆ ಸಣ್ಣ ಹೆಮ್ಮೆಯೂ ಇತ್ತು.

ಮೆಕ್ಯಾನಿಕ್ ನಗಲಿಲ್ಲ. ಬೈರಾಸಿನಲ್ಲಿ ಸೋಸಿದರೆ ಉಪ್ಪು ಹೋಗುತ್ತದಾ ಅಕ್ಕ ಎಂದು ಮಾತ್ರ ಕೇಳಿದರು. ಹೀಟರಿನ ಕೊಳವೆ ಬಿಚ್ಚಿ ಬಾಯಿ ತೋರಿಸಿದರು. ಒಳಗೆ ಬಿಳಿಯ ಗಟ್ಟಿ ಪರೆ. ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಬಚ್ಚಲಿನ ಹಂಡೆಯ ಒಳಗೆ ಇರುವುದೂ ಅದೇ, ವರ್ಷಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿ ತೆಗೆಯುವುದೂ ನಾನೇ. ಅಂಗಳದ ಗಾಳಿ ಕಾರನ್ನು ಹೊರಗಿನಿಂದ ತಿಂದರೆ, ನಾನು ಒಳಗಿನಿಂದ ತಿನ್ನಿಸಿದ್ದೆ.

ಹೀಟರಿನ ಪೆಟ್ಟಿಗೆ ಹೊಸತು ಹಾಕಬೇಕಾದರೆ ಇಡೀ ಡ್ಯಾಶ್‌ಬೋರ್ಡು ಕಳಚಬೇಕು, ಎರಡು ದಿನದ ಕೆಲಸ, ಹದಿನಾಲ್ಕು ಸಾವಿರದ ಹತ್ತಿರ ಎಂದರು. ಒಮ್ಮೆ ಕಳಚಿದ ಹಳೆ ಪ್ಲಾಸ್ಟಿಕ್ಕು ಮೊದಲಿನ ಹಾಗೆ ಕೂರುವುದೂ ಇಲ್ಲ, ಆಮೇಲೆ ಸಾಯುವವರೆಗೆ ಕಿರಿಕಿರಿ ಸದ್ದು. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು ಅವರೇ ಕೇಳಿದರು, "ಹೀಟರ್ ನಿಮ್ಗ್ ಎಂತಕೆ ಅಕ್ಕ? ಕುಂದಾಪ್ರದಂಗೆ ಚಳಿ ಆದ್ದ್ ಇತ್ತಾ?"

ನಾನು ಯೋಚಿಸಿದೆ. ಹನ್ನೆರಡು ವರ್ಷದಲ್ಲಿ ಆ ಕೆಂಪು ಗುಂಡಿಯನ್ನು ಒಮ್ಮೆಯೂ ತಿರುಗಿಸಿದ ನೆನಪಿಲ್ಲ.

ಹೀಟರಿಗೆ ಹೋಗುವ ಕೊಳವೆ, ಅಲ್ಲಿಂದ ಬರುವ ಕೊಳವೆ ಎರಡನ್ನೂ ಬಾನೆಟ್ಟಿನ ಒಳಗೇ ಒಂದು ಬಾಗಿದ ಪೈಪಿನಿಂದ ಜೋಡಿಸಿ ಕ್ಲಿಪ್ಪು ಬಿಗಿದರು. ನೀರು ಇನ್ನು ಗಾಡಿಯೊಳಗೆ ಬರುವುದೇ ಇಲ್ಲ. ರೇಡಿಯೇಟರನ್ನು ಮದ್ದು ಹಾಕಿ ತೊಳೆದರು. ಮೊದಲು ಬಂದದ್ದು ಗಂಜಿಯಂಥ ನೀರು. ಮುಚ್ಚಳದ ರಬ್ಬರು ಸತ್ತಿತ್ತು, ವಾರವಾರ ಒಂದು ಬೆರಳು ಇಳಿಯುತ್ತಿದ್ದದ್ದು ಅಲ್ಲಿಂದ. ಹೊಸ ಮುಚ್ಚಳ, ಹೊಸ ಥರ್ಮೋಸ್ಟಾಟ್, ಹೊಸ ಕೂಲಂಟು. ಎಲ್ಲ ಸೇರಿ ನಾಲ್ಕು ಸಾವಿರಕ್ಕೆ ಐವತ್ತು ಕಡಿಮೆ. ರೇಡಿಯೇಟರೂ ಸ್ವಲ್ಪ ತಿಂದು ಹೋಗಿದೆ, ಒಂದೆರಡು ವರ್ಷದಲ್ಲಿ ಬದಲಿಸಬೇಕಾಗಬಹುದು ಎಂದೂ ಹೇಳಿದರು. ಮುಚ್ಚಿಡದೆ ಹೇಳುತ್ತಾರೆ ಅನ್ನುವುದಕ್ಕೇ ನಾವು ಅಷ್ಟು ದೂರ ಅವರಲ್ಲಿಗೆ ಹೋಗುವುದು.

ಇಷ್ಟಾಗುವಾಗ ಗಂಟೆ ನಾಲ್ಕೂವರೆ. ಬಾರ್ಕೂರು ತಪ್ಪಿತು. ವಾಪಸು ಬರುವಾಗ ಸಾಲಿಗ್ರಾಮ ದಾಟಿದ ಮೇಲೆ ಅತ್ತೆ ಮಾತು ತೆಗೆದರು. ಬಾವಿ ನೀರಿನ ವಿಷಯ ಮನೆಯಲ್ಲಿ ಹೇಳಬೇಡ ಎಂದರು. ಹಳೆ ಗಾಡಿ, ಹೀಟರು ಸೋರಿತು, ಸರಿಯಾಯಿತು, ಅಷ್ಟು ಸಾಕು. "ಗಂಡ್ಸ್ರಿಗೆ ಎಲ್ಲ ಹೇಳುಕಾಗ ಹೆಣೆ," ಎಂದರು. ಆ ಮಾತಿನಲ್ಲಿ ಐವತ್ತೈದು ವರ್ಷದ ಅನುಭವ ಇತ್ತು.

ನಾನು ಕುಂಭಾಶಿಯವರೆಗೂ ಅದನ್ನೇ ಯೋಚಿಸಿದೆ. ಹೇಳಿದರೆ, ಕಾರನ್ನು ಹಾಳು ಮಾಡಿದವಳು ನೀನೇ, ನಿನ್ನ ಕೈಯಲ್ಲಿ ಕೊಟ್ಟದ್ದೇ ತಪ್ಪು ಎನ್ನಬಹುದು. ಭಾನುವಾರದ ವ್ಯಾಪಾರಕ್ಕೆ ಅದಕ್ಕಿಂತ ಒಳ್ಳೆಯ ಕಾರಣ ಬೇಡ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸೋಮವಾರ ಹೆಮ್ಮಾಡಿಯಲ್ಲಿ ನಮ್ಮವರೂ ನೀರು ಹೊಯ್ದಿದ್ದರು. ಡಿಕ್ಕಿಯಲ್ಲಿ ನಾನಿಟ್ಟ ಬಾಟಲಿಯದೇ. ನಾಳೆ ಮತ್ತೆ ಬೇಕಾದರೆ ಮತ್ತೆ ಅದನ್ನೇ ಹೊಯ್ಯುತ್ತಾರೆ. ಏನು ಹೊಯ್ಯಬಾರದು ಎಂದು ಹೇಳಬೇಕಾದರೆ ಯಾಕೆ ಎಂದೂ ಹೇಳಬೇಕು.

ಸಂಜೆ ಚಹಾ ಕೊಟ್ಟು ಎಲ್ಲವನ್ನೂ ಹೇಳಿದೆ. ಪಂಚೆಯಿಂದ ಹಿಡಿದು ಸೋಪಿನವರೆಗೆ. ಅವರು ಲೋಟ ಕೆಳಗಿಟ್ಟು ಕೇಳಿದರು. ಅತ್ತೆ ದೇವರ ಕೋಣೆಯಲ್ಲಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿದ್ದು ನನಗೆ ಇಲ್ಲಿಂದಲೇ ಗೊತ್ತಾಯಿತು.

"ಬೇಳೆ ಬೇಯುಕೆ ಆಗ್ದಿದ್ ನೀರ್ನ ಗಾಡಿಗ್ ಹೊಯ್ದ್ಯಾ ನೀನ್?"

ಹೌದು ಎಂದೆ. ಆರು ವರ್ಷ. ಮನೆಯಲ್ಲಿ ಎಲ್ಲರಿಗೂ ಆ ನೀರು ಗೊತ್ತಿತ್ತು, ಡಿಕ್ಕಿಯ ಬಾಟಲಿಯೂ ಗೊತ್ತಿತ್ತು, ಯಾರಿಗೂ ಒಂದಕ್ಕೊಂದು ಸೇರಿಸಲು ಆಗಲಿಲ್ಲ ಎಂದೂ ಹೇಳಿದೆ. ಅವರು ಲೋಟ ಎತ್ತಿಕೊಂಡು ತಣಿದ ಚಹಾ ಕುಡಿದರು. ನಗು ಬಂದಿತ್ತು, ಆದರೆ ಬಿಟ್ಟುಕೊಡಲು ತಯಾರಿರಲಿಲ್ಲ. ತೇಪೆ ಹಾಕಿದ ಗಾಡಿ ಕುಂದಾಪುರ ಪೇಟೆಯಲ್ಲಿ ಓಡುವುದು ದೊಡ್ಡದಲ್ಲ ಎಂದರು. ಶನಿವಾರ ಮಧ್ಯಾಹ್ನ ಮೂವರೂ ಕೂತು, ಎಸಿ ಹಾಕಿ, ಬೈಂದೂರು ದಾಟಿ ಒತ್ತಿನೆಣೆಯ ಏರು ಹತ್ತಿಸುವುದು. ಮುಳ್ಳು ಅರ್ಧ ದಾಟಿದರೆ ಭಾನುವಾರ ಗಾಡಿ ಹೋಯಿತು. ಆಮೇಲೆ ನನ್ನ ಒಂದು ಮಾತೂ ಇರಬಾರದು.

ಸರಿ ಎಂದೆ. ನನಗೆ ಧೈರ್ಯವಿತ್ತು. ಸೋರುವುದು ಎಲ್ಲಿ ಎಂದು ಕಣ್ಣಾರೆ ಕಂಡಿದ್ದೆ, ಅದನ್ನು ಮುಚ್ಚಿದ್ದನ್ನೂ ಕಂಡಿದ್ದೆ.

ಶನಿವಾರ ಒಂದು ಗಂಟೆಯ ಬಿಸಿಲು. ಮರವಂತೆಯಲ್ಲಿ ಕಡಲ ಮೇಲೆ ಕಣ್ಣಿಡಲಾಗದಷ್ಟು ಹೊಳಪು. ನಮ್ಮವರು ನನ್ನ ಪಕ್ಕ ಕೂತು ದಾರಿಯುದ್ದಕ್ಕೂ ಮುಳ್ಳನ್ನೇ ನೋಡಿದರು. ಉಪ್ಪುಂದದಲ್ಲಿ ಪರಿಚಯದವರೊಬ್ಬರು ಕೈ ಬೀಸಿದ್ದೂ ಅವರಿಗೆ ಕಾಣಲಿಲ್ಲ. ಬೈಂದೂರು ದಾಟಿ ಏರು ಶುರುವಾಗುವಲ್ಲಿ ಕಲ್ಲು ಹೇರಿದ ಲಾರಿಯೊಂದು ಮುಂದೆ ಸಿಕ್ಕಿತು. ಹಿಂದಿಕ್ಕಲು ಆಗದೆ ಎರಡನೇ ಗೇರಿನಲ್ಲಿ ಅದರ ಹೊಗೆಯ ಹಿಂದೆ ತೆವಳಬೇಕಾಯಿತು. ಇದಕ್ಕಿಂತ ಕಷ್ಟದ ಪರೀಕ್ಷೆ ಅವರೇ ಬೇಕೆಂದರೂ ಸಿಗುತ್ತಿರಲಿಲ್ಲ.

ಮುಳ್ಳು ಒಂದು ಕೂದಲಷ್ಟು ಕದಲಿತು. ಅರ್ಧದ ಗೆರೆಗೆ ತಾಗಿ ನಿಂತಿತು. ಎಸಿ ನಿಲ್ಲಿಸಲಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಬಾನೆಟ್ಟಿನೊಳಗೆ ಫ್ಯಾನು ತಿರುಗುವ ಸದ್ದು ಬಂತು, ಹೊಲಿಗೆ ಮೆಷಿನ್ನಿನ ಚಕ್ರದ ಹಾಗೆ. ಮೂರು ತಿರುವು ಕಳೆಯುವುದರೊಳಗೆ ಮುಳ್ಳು ಮೆಲ್ಲಗೆ ಗೆರೆಯ ಕೆಳಗೆ ಇಳಿಯಿತು. ತುದಿ ಮುಟ್ಟಿದೆವು. ಹಿಂದಿನ ಸೀಟಿನಲ್ಲಿ ಅತ್ತೆ ನಿದ್ದೆ ಹೋಗಿದ್ದರು, ಅಥವಾ ಹಾಗೆ ತೋರಿಸಿಕೊಂಡಿದ್ದರು.

ನಮ್ಮವರು ಮೊದಲ ಸಲ ಹೊರಗೆ ನೋಡಿದರು. ಎಸಿ ಸ್ವಲ್ಪ ಕಡಿಮೆ ಮಾಡು, ಚಳಿಯಾಗುತ್ತದೆ ಎಂದರು. ಬರುವುದು ಬೇಡ ಎಂದು ಸಾಲಿಗ್ರಾಮಕ್ಕೆ ಫೋನು ಮಾಡುತ್ತಾರೆ ಅಂದುಕೊಂಡೆ. ಮಾಡಲಿಲ್ಲ. ನಾನೂ ಕೇಳಲಿಲ್ಲ.

ಭಾನುವಾರ ಹತ್ತು ಗಂಟೆಗೆ ಹಳೆ ಗಾಡಿ ವ್ಯಾಪಾರದವರು ಬಂದೇಬಿಟ್ಟರು. ಕಾರನ್ನು ಎರಡು ಸುತ್ತು ಬಂದು, ಬಾಗಿ ಅಡಿ ನೋಡಿ, ಶುರು ಮಾಡಿಸಿ ಕಿವಿ ಕೊಟ್ಟು ಕೇಳಿದರು. ಇಂಜಿನ್ ಹೋಗಿದೆ ಎಂದು ಕೇಳಿ ಬಂದವರಿಗೆ ಇಂಜಿನ್ ಸುಖವಾಗಿರುವುದು ಕಂಡಿತು. ಬಾವಿಕಟ್ಟೆಯ ಹತ್ತಿರ ನಿಂತು, ತೊಂಬತ್ತಲ್ಲ, ಒಂದು ಲಕ್ಷದ ಇಪ್ಪತ್ತು ಕೊಡುತ್ತೇನೆ, ಯಜಮಾನರು ಎಂತ ಹೇಳುತ್ತೀರಿ ಎಂದರು.

ನಮ್ಮವರು ಜಗಲಿಯ ಮೇಲೆ ಕೂತು ಉಗುರು ಕತ್ತರಿಸುತ್ತಿದ್ದರು. ಕತ್ತರಿಸುತ್ತಲೇ ಹೇಳಿದರು, "ಓಡ್ಸುದ್ ಅವ್ಳ್. ಅವ್ಳ್ ಹತ್ರ ಕೇಣಿ."

ನಾನು ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದೆ. ಕೊಡುವುದಿಲ್ಲ ಎಂದೆ. ಬಂದವರು ಹಟದವರು. ಹಳೆ ಗಾಡಿ, ನಾಳೆ ಮತ್ತೊಂದು ಶುರುವಾಗುತ್ತದೆ, ಈಗ ಒಳ್ಳೆಯ ರೇಟು ಬಂದಿದೆ ಎಂದು ತಿಳಿಹೇಳಿದರು. ಅವರಿಗೆ ತಿಳಿಯದೆ ಇರುವುದು ಬೇಡ ಎಂದು ನಾನೇ ಎಲ್ಲ ಹೇಳಿದೆ. ಹೀಟರು ಇಲ್ಲ, ಕೊಳವೆ ಜೋಡಿಸಿದೆ. ರೇಡಿಯೇಟರು ಎರಡು ವರ್ಷ ಬಂದರೆ ಪುಣ್ಯ. ಹಿಂದಿನ ಎಡಗಡೆಯ ಗಾಜು ಅರ್ಧಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮೂರನೇ ಗೇರು ಬೆಳಿಗ್ಗೆ ಮೊದಲ ಸಲ ಸ್ವಲ್ಪ ಮುನಿಸು ಮಾಡುತ್ತದೆ. ಡಿಕ್ಕಿಯ ಅಡಿಯಲ್ಲಿ ಅಂಗೈಯಗಲ ತುಕ್ಕು, ಮಳೆಗಾಲಕ್ಕೆ ಮೊದಲು ಉಜ್ಜಿ ಬಣ್ಣ ಹಚ್ಚಬೇಕು.

ಅವರು ಬಾಯಿ ಬಿಟ್ಟುಕೊಂಡು ಕೇಳಿದರು. ಕೊಳ್ಳುವವರಿಗೆ ಗಾಡಿಯ ದೋಷ ಇಷ್ಟು ಬಿಡಿ ಬಿಡಿಯಾಗಿ ಹೇಳಿದವರು ಅವರಿಗೆ ಸಿಕ್ಕಿರಲಿಕ್ಕಿಲ್ಲ.

"ಇಷ್ಟೆಲ್ಲ ಇಪ್ಪು ಗಾಡಿನ ಎಂತಕೆ ಇಟ್ಕಂತ್ರಿ ಅಕ್ಕ?"

"ಇಷ್ಟೂ ನಂಗ್ ಗೊತ್ತಿತ್ತಲೆ, ಅದ್ಕೇ."

ಜಗಲಿಯಲ್ಲಿ ಉಗುರು ಕತ್ತರಿಸುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಬಂದವರಿಗೆ ಕಾಫಿ ಕೊಟ್ಟೆ. ಅವರು ಕುಡಿದು, ವ್ಯಾನು ಕೊಡುವುದಿದ್ದರೆ ತಿಳಿಸಿ ಎಂದು ನಮ್ಮವರ ಹತ್ತಿರ ಹೇಳಿ ಹೋದರು. ಗುರುವಾರದ ಬಾರ್ಕೂರು ಬಾಕಿ ಇತ್ತಲ್ಲ. ಅನ್ನ ಬಸಿದಿಟ್ಟು, ಸೀರೆ ಬದಲಿಸಿ, ಅತ್ತೆಯನ್ನು ಕರೆದೆ.